ಗೆದ್ದವರಿಗೆ ಟೈಮ್‌ಟೇಬಲ್ ಬಹುಮಾನ

‘ಕಮ್ಯುನಿಟಿ’ ಅಂತ ಒಂದು ಅಮೆರಿಕನ್ ಕಾಮಿಡಿ ಸೀರಿಯಲ್ ಇದೆ, ನಿಮ್ಮಲ್ಲಿ ಕೆಲವರಾದರೂ ನೋಡಿರ್ತೀರಿ. 2009ರಲ್ಲಿ ಎನ್‌ಬಿಸಿಯಲ್ಲಿ ಶುರುವಾಗಿ, ಆರು ಸೀಸನ್ ಕಂಡು, 2015ರಲ್ಲಿ ಮುಗಿದದ್ದು. ಗ್ರೀನ್‌ಡೇಲ್ ಅನ್ನೋ ಕಮ್ಯುನಿಟಿ ಕಾಲೇಜು, ಅಲ್ಲಿ ಸ್ಪ್ಯಾನಿಷ್ ಕಲಿಯೋಕೆ ಸೇರಿದ ಏಳು ಜನರ ಒಂದು ಸ್ಟಡಿ ಗ್ರೂಪು, ಅವರ ತರಲೆಗಳು. ಅದರ ಅಭಿಮಾನಿಗಳನ್ನು ಮಾತಿಗೆಳೆದರೆ ಸಾಮಾನ್ಯವಾಗಿ ಮೊದಲು ಬರುವುದು ಮೊದಲ ಸೀಸನ್ನಿನ ಪೇಂಟ್‌ಬಾಲ್ ಎಪಿಸೋಡ್. 2010ರ ಮೇ ತಿಂಗಳಲ್ಲಿ ಪ್ರಸಾರವಾದದ್ದು. ನಿರ್ದೇಶಕ ಜಸ್ಟಿನ್ ಲಿನ್, ‘ಫಾಸ್ಟ್ ಆ್ಯಂಡ್ ಫ್ಯೂರಿಯಸ್’ ಸಿನಿಮಾಗಳನ್ನು ಮಾಡಿದವರೇ.

ಕಥೆ ಇಷ್ಟೇ. ಕಾಲೇಜಿನಲ್ಲಿ ಪೇಂಟ್‌ಬಾಲ್ ಆಟ. ಮೈಗೆ ಬಣ್ಣ ತಾಗಿಸಿಕೊಳ್ಳದೆ ಕೊನೇತನಕ ಉಳಿದವರಿಗೆ ಬಹುಮಾನ. ಬಹುಮಾನ ಏನು ಅಂತ ಗೊತ್ತಾದದ್ದೇ ತಡ, ಕಾಲೇಜು ರಣರಂಗ. ಮೇಜು ಕುರ್ಚಿ ಅಡ್ಡ ಹಾಕಿ ಕೋಟೆ ಕಟ್ಟುತ್ತಾರೆ, ಗೆಳೆಯರೇ ಗೆಳೆಯರ ಬೆನ್ನಿಗೆ ಹೊಡೆಯುತ್ತಾರೆ. ಅಷ್ಟಕ್ಕೂ ಆ ಬಹುಮಾನ ಏನು ಗೊತ್ತಾ? ಮುಂದಿನ ಸೆಮಿಸ್ಟರಿಗೆ ಎಲ್ಲರಿಗಿಂತ ಮೊದಲು ಕ್ಲಾಸುಗಳನ್ನು ಆರಿಸಿಕೊಳ್ಳುವ ಹಕ್ಕು. ‘ಪ್ರಯಾರಿಟಿ ರಿಜಿಸ್ಟ್ರೇಷನ್’.

2012ರ ಚಳಿಗಾಲದಲ್ಲಿ, ಸನ್ನಿವೇಲ್‌ನ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ, ನಾನೂ ನನ್ನ ಗಂಡನೂ ಇದನ್ನು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ವಿ. “ಒಂದು ಟೈಮ್‌ಟೇಬಲ್‌ಗೆ ಇಷ್ಟೊಂದು ಹೊಡೆದಾಟಾನಾ!” ಅಂದಿದ್ದೆ ನಾನು.

ಅದಾಗಿ ಒಂದು ವರ್ಷವೂ ಕಳೆದಿರಲಿಲ್ಲ. ಬೆಳಿಗ್ಗೆ ಆರೂಮುಕ್ಕಾಲಿಗೆ ಎದ್ದು, ಲ್ಯಾಪ್‌ಟಾಪ್ ಮುಂದೆ ಕೂತು, ಏಳಕ್ಕೆ ತೆರೆಯುವ ರಿಜಿಸ್ಟ್ರೇಷನ್ ಪುಟವನ್ನು ರಿಫ್ರೆಶ್ ಮಾಡ್ತಾ ಇದ್ದೆ. ಏಳೂ ಐದಕ್ಕೆ ನನಗೆ ಬೇಕಿದ್ದ ಸಂಜೆಯ ಸ್ಟ್ಯಾಟಿಸ್ಟಿಕ್ಸ್ ಕ್ಲಾಸು ಭರ್ತಿ. ನನ್ನದು ವೇಯ್ಟ್‌ಲಿಸ್ಟ್ 14. ಅರಸೀಕೆರೆ ಸ್ಟೇಷನ್ನಿನಲ್ಲಿ ಟಿಕೆಟ್ ಹಿಡಿದು ನಿಂತು ಅಭ್ಯಾಸ ಇದ್ದವಳಿಗೆ ವೇಯ್ಟ್‌ಲಿಸ್ಟ್ ಹೊಸದೇನಲ್ಲ. ಆದರೆ ಇಲ್ಲಿ ತತ್ಕಾಲ್ ಇರಲಿಲ್ಲ. ಆವತ್ತು ಆ ಎಪಿಸೋಡ್ ನೆನಪಾಯ್ತು, ನಗು ಬರಲಿಲ್ಲ.

ಈ ಬರಹ ಆ ನಗುವಿನ ಬಗ್ಗೆ. ಕಮ್ಯುನಿಟಿ ಕಾಲೇಜು ಅಂದ ಕೂಡಲೇ ತೆರೆಯ ಮೇಲೂ ತೆರೆಯ ಹೊರಗೂ ನಮಗೆ ಬರುವ ಆ ನಗು ಏನನ್ನು ಕಾಣದ ಹಾಗೆ ಮಾಡುತ್ತದೆ ಅನ್ನುವ ಬಗ್ಗೆ.

*

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಅಮೆರಿಕದ ಕಮ್ಯುನಿಟಿ ಕಾಲೇಜು ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜು. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದದ್ದನ್ನು ಈ ಬಗೆಯ ಮೊದಲ ಸರ್ಕಾರಿ ಕಾಲೇಜು ಅನ್ನುತ್ತಾರೆ. ಆಗ ಇವಕ್ಕೆ ಜೂನಿಯರ್ ಕಾಲೇಜು ಅಂತಲೇ ಹೆಸರು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ, ಇಂಥ ಕಾಲೇಜುಗಳು ದೇಶದ ಉದ್ದಗಲಕ್ಕೂ ಬೇಕು ಅಂತ ಹೇಳಿದ ಮೇಲೆ ‘ಕಮ್ಯುನಿಟಿ ಕಾಲೇಜು’ ಅನ್ನೋ ಹೆಸರು ಚಾಲ್ತಿಗೆ ಬಂತು. ಈಗ ದೇಶದಲ್ಲಿ ಸುಮಾರು ಒಂದು ಸಾವಿರ ಇವೆ, ಕ್ಯಾಲಿಫೋರ್ನಿಯಾ ಒಂದರಲ್ಲೇ 116.

ಇವುಗಳ ವಿಶೇಷ ಏನಂದ್ರೆ, ಬಾಗಿಲಲ್ಲಿ ಯಾರನ್ನೂ ತಡೆಯೋದಿಲ್ಲ. ಕಟ್ ಆಫ್ ಇಲ್ಲ, ಎಂಟ್ರೆನ್ಸ್ ಇಲ್ಲ, ವಯಸ್ಸಿನ ಮಿತಿ ಇಲ್ಲ. ಎರಡು ವರ್ಷ ಓದಿ ನಾಲ್ಕು ವರ್ಷದ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗಬಹುದು, ಅದಕ್ಕೆ ‘ಟ್ರಾನ್ಸ್‌ಫರ್’ ಅಂತಾರೆ. ಇಲ್ಲಾ, ನರ್ಸಿಂಗ್, ಆಟೋ ಮೆಕ್ಯಾನಿಕ್, ಡೆಂಟಲ್ ಹೈಜೀನ್ ಥರದ ಕೆಲಸದ ಓದು ಮುಗಿಸಿ ನೇರ ದುಡಿಮೆಗೆ ಇಳಿಯಬಹುದು. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್. ಮೂರು ಯೂನಿಟ್ಟಿನ ಒಂದು ಕ್ಲಾಸಿಗೆ 138 ಡಾಲರ್. ಎಚ್-4 ವೀಸಾದ ಮೇಲೆ, ಕೆಲಸ ಮಾಡುವಂತಿಲ್ಲ ಅಂತ ಮನೆಯಲ್ಲಿ ಕೂತಿದ್ದ ನನ್ನಂಥವಳಿಗೆ, ಒಂದು ವರ್ಷ ಅದೇ ರಾಜ್ಯದಲ್ಲಿ ಇದ್ದೀನಿ ಅಂತ ಕಾಗದ ತೋರಿಸಿದ ಮೇಲೆ, ಅದೇ ಫೀಸು. ತಿಪಟೂರಿನಲ್ಲಿ ಬಿಎಸ್ಸಿ ಮುಗಿಸಿ, ಬೆಂಗಳೂರಿನಲ್ಲಿ ಮೂರು ವರ್ಷ ಸಪೋರ್ಟ್ ಕೆಲಸ ಮಾಡಿ, ಮದುವೆಯಾಗಿ ಅಲ್ಲಿಗೆ ಹೋದವಳಿಗೆ ಕೈಗೆಟುಕುವ ಹಾಗಿದ್ದ ಒಂದೇ ಬಾಗಿಲು ಅದು.

ಈಗ ಸಿನಿಮಾದವರು ಆ ಬಾಗಿಲನ್ನು ಹೇಗೆ ತೋರಿಸಿದ್ದಾರೆ ನೋಡಿ.

‘ಗುಡ್ ವಿಲ್ ಹಂಟಿಂಗ್’ ನೆನಪಿಸಿಕೊಳ್ಳಿ, 1997ರದ್ದು. ರಾಬಿನ್ ವಿಲಿಯಮ್ಸ್ ಮಾಡಿದ ಶಾನ್ ಮಗ್ವಾಯರ್ ಪಾತ್ರ ಬಾಸ್ಟನ್ನಿನ ಬಂಕರ್ ಹಿಲ್ ಕಮ್ಯುನಿಟಿ ಕಾಲೇಜಿನ ಮೇಷ್ಟ್ರು. ಅವನ ಹಳೇ ರೂಮ್‌ಮೇಟ್ ಎಂಐಟಿಯಲ್ಲಿ ಹೆಸರಾಂತ ಗಣಿತಜ್ಞ. ಇಬ್ಬರಲ್ಲಿ ಗೆದ್ದವನು ಯಾರು, ಸೋತವನು ಯಾರು ಅಂತ ಸಿನಿಮಾ ಬಿಡಿಸಿ ಹೇಳಬೇಕಿಲ್ಲ, ಕಾಲೇಜಿನ ಹೆಸರೇ ಹೇಳುತ್ತದೆ. ತಮಾಷೆ ಅಂದ್ರೆ ಎಂಐಟಿಯಲ್ಲಿ ನೆಲ ಒರೆಸುತ್ತಿದ್ದ ಆ ಹುಡುಗನನ್ನು ಕೊನೆಗೆ ಕೈಹಿಡಿದು ಮೇಲೆತ್ತುವುದು ಈ ಕಮ್ಯುನಿಟಿ ಕಾಲೇಜಿನ ಮೇಷ್ಟ್ರೇ. ಆದರೂ ಅದು ಅವನೊಬ್ಬನ ದೊಡ್ಡತನ, ಅವನ ಕಾಲೇಜಿನದ್ದಲ್ಲ. ಹುಡುಗ ಆ ಕಾಲೇಜಿಗೇ ಬಂದು ಓದಬಹುದಲ್ಲ ಅನ್ನುವುದು ಕಥೆಗೆ ಬೇಕಾಗುವುದೇ ಇಲ್ಲ. ಜೀನಿಯಸ್ ಅಲ್ಲಿಗೆ ಯಾಕೆ ಹೋಗ್ತಾನೆ!

ಆ ರಾಬಿನ್ ವಿಲಿಯಮ್ಸ್ ಕೂಡ ನಿಜ ಜೀವನದಲ್ಲಿ ಓದಿದ್ದು ಕಾಲೇಜ್ ಆಫ್ ಮರೀನ್ ಅನ್ನೋ ಕಮ್ಯುನಿಟಿ ಕಾಲೇಜಿನಲ್ಲಿ. ಟಾಮ್ ಹ್ಯಾಂಕ್ಸ್ ಓದಿದ್ದು ಹೇವರ್ಡ್‌ನ ಶಾಬೋ ಕಾಲೇಜಿನಲ್ಲಿ. 2015ರಲ್ಲಿ ಅವರು ‘ನ್ಯೂಯಾರ್ಕ್ ಟೈಮ್ಸ್’ಗೆ ಬರೆದ ಲೇಖನದಲ್ಲಿ ಆ ಕಾಲೇಜಿನ ಋಣವನ್ನು ಮನಸಾರೆ ಒಪ್ಪಿಕೊಂಡರು. ಅದಕ್ಕೂ ಮೊದಲು, 2011ರಲ್ಲಿ, ‘ಲ್ಯಾರಿ ಕ್ರೌನ್’ ಅಂತ ಒಂದು ಸಿನಿಮಾನೂ ಮಾಡಿದ್ದರು. ಡಿಗ್ರಿ ಇಲ್ಲ ಅನ್ನುವ ಕಾರಣಕ್ಕೆ ದೊಡ್ಡ ಅಂಗಡಿಯೊಂದರ ಕೆಲಸ ಕಳೆದುಕೊಂಡ ಮಧ್ಯವಯಸ್ಕ, ಕಮ್ಯುನಿಟಿ ಕಾಲೇಜು ಸೇರಿ ಜೀವನ ಸರಿಮಾಡಿಕೊಳ್ಳುವ ಕಥೆ. ಒಳ್ಳೇ ಮನಸ್ಸಿನ ಸಿನಿಮಾ. ಆದರೆ ಅಲ್ಲಿ ಎಲ್ಲರೂ ಎಷ್ಟು ಒಳ್ಳೆಯವರು ಅಂದರೆ ಕಾಲೇಜು ಮಾಡಬೇಕಾದ ಕೆಲಸವೇ ಉಳಿದಿಲ್ಲ. ಸ್ಕೂಟರ್ ಓಡಿಸುವ ಗೆಳೆಯರ ಗುಂಪು ಸಿಗುತ್ತದೆ, ಮೇಡಂ ಜೂಲಿಯಾ ರಾಬರ್ಟ್ಸ್, ಮುಗೀತು.

‘ಕಮ್ಯುನಿಟಿ’ಯ ಮೊದಲ ಎಪಿಸೋಡ್ ಶುರುವಾಗುವುದೇ ಡೀನ್ ಮಾಡುವ ಸ್ವಾಗತ ಭಾಷಣದಿಂದ. ಇಲ್ಲಿಗೆ ಎಂಥೆಂಥವರು ಬರ್ತಾರೆ ಅಂತ ಪಟ್ಟಿ ಮಾಡುತ್ತಾ ಹೋಗಿ ಅಲ್ಲಿ ಕೂತ ಎಲ್ಲರನ್ನೂ ಅವಮಾನ ಮಾಡುತ್ತಾನೆ, ಓದುತ್ತಿದ್ದ ಚೀಟಿಗಳು ಬೇರೆ ಕಲಸಿಹೋಗುತ್ತವೆ. ಸೀರಿಯಲ್ಲಿನ ಸೃಷ್ಟಿಕರ್ತ ಡ್ಯಾನ್ ಹಾರ್ಮನ್ ತಾವೇ ಗ್ಲೆಂಡೇಲ್ ಕಮ್ಯುನಿಟಿ ಕಾಲೇಜಿಗೆ ಹೋಗಿ ಸ್ಟಡಿ ಗ್ರೂಪಿನಲ್ಲಿ ಕೂತ ಅನುಭವದಿಂದ ಇದನ್ನು ಕಟ್ಟಿದ್ದು, ಹಾಗಾಗಿ ಆ ಏಳು ಜನರ ಮೇಲೆ ಅವರಿಗೆ ಪ್ರೀತಿ ಇದೆ. ಕಾಲೇಜಿನ ಮೇಲೆ ಇಲ್ಲ. ಅಲ್ಲಿನ ಡೀನ್ ವೇಷ ಹಾಕುವವನು, ಸ್ಪ್ಯಾನಿಷ್ ಮೇಷ್ಟ್ರಿಗೆ ಪಾಠ ಮಾಡುವ ಅರ್ಹತೆಯೇ ಇಲ್ಲ. ವಿದ್ಯಾರ್ಥಿಗಳು ಒಳ್ಳೆಯವರು, ಸಂಸ್ಥೆ ಒಂದು ಜೋಕು.

*

ಜೋಕು ನನಗೂ ಹತ್ತಿತ್ತು ಅನ್ನುವುದಕ್ಕೆ ಸಾಕ್ಷಿ ಹೇಳ್ತೀನಿ. ಸೇರಿದ ಮೂರನೇ ತಿಂಗಳು, ಕನ್ನಡ ಕೂಟದ ದೀಪಾವಳಿ. ಬಿಸಿಬೇಳೆಬಾತಿನ ಕ್ಯೂನಲ್ಲಿ ನಿಂತಿದ್ದಾಗ ಒಬ್ಬರು ಆಂಟಿ ಕೇಳಿದರು, “ಏನೋ ಓದ್ತಾ ಇದೀಯಂತಲ್ಲಮ್ಮಾ, ಯಾವ ಯೂನಿವರ್ಸಿಟಿ?” ನಾನು “ಇಲ್ಲೇ ಆಂಟಿ, ಹತ್ತಿರದ್ದೇ” ಅಂದೆ. “ಸ್ಟ್ಯಾನ್‌ಫರ್ಡಾ?” ಅಂದರು. ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅಂತಲೂ ಅನ್ನಲಿಲ್ಲ. ರಾಯಿತ ಬಡಿಸಿಕೊಂಡು ಮುಂದೆ ಹೋದೆ.

ನಮ್ಮೂರಲ್ಲಿ ಎಸ್ಸೆಸ್ಸೆಲ್ಸಿ ಫೇಲಾದವರು ಸೇರುತ್ತಿದ್ದ ಟ್ಯುಟೋರಿಯಲ್ ನೆನಪಿದೆಯಾ? ಬಸ್‌ಸ್ಟ್ಯಾಂಡ್ ಪಕ್ಕ, ಮಹಡಿ ಮೇಲೆ, ಬೋರ್ಡಿನ ತುಂಬ ಪಾಸಾದವರ ಪಾಸ್‌ಪೋರ್ಟ್ ಫೋಟೋ. ಅಲ್ಲಿಗೆ ಹೋಗುವ ಹುಡುಗರು ಪುಸ್ತಕವನ್ನು ಶರಟಿನೊಳಗೆ ಇಟ್ಟುಕೊಂಡು ಹೋಗುತ್ತಿದ್ದರು. ಸನ್ನಿವೇಲ್‌ನಲ್ಲಿ ನಾನು ಮಾಡಿದ್ದೂ ಅದನ್ನೇ.

ಅಂತೂ ಆ ವೇಯ್ಟ್‌ಲಿಸ್ಟ್ 14, ಮೊದಲ ದಿನ ಕ್ಲಾಸಿನ ಹಿಂದೆ ನಿಂತು ಗೋಗರೆದು, ಮೇಡಂ ಕೊಟ್ಟ ಕೋಡ್ ಹಾಕಿ ಕನ್ಫರ್ಮ್ ಆಯ್ತು. ಪಕ್ಕದ ಸೀಟಿನಲ್ಲಿ ಮೆಕ್ಸಿಕೋ ಮೂಲದ ಒಬ್ಬಾಕೆ. ವಯಸ್ಸು ಮೂವತ್ತೈದರ ಸುಮಾರು, ಇಬ್ಬರು ಮಕ್ಕಳು. ಹಗಲು ವಯಸ್ಸಾದವರ ಮನೆಗಳಿಗೆ ಹೋಗಿ ಆರೈಕೆ ಮಾಡುವ ಕೆಲಸ. ನರ್ಸಿಂಗ್ ಸೇರಬೇಕು ಅಂತ ಆಸೆ, ಅದಕ್ಕೆ ಸ್ಟ್ಯಾಟಿಸ್ಟಿಕ್ಸ್ ಬೇಕೇ ಬೇಕು. ಈ ಕ್ಲಾಸಿಗೆ ಬರುವ ಮುಂಚೆ, ಸೇರುವಾಗ ಬರೆದ ಒಂದು ಪರೀಕ್ಷೆಯ ಲೆಕ್ಕದಲ್ಲಿ ಹಿಂದಿದ್ದಾಳೆ ಅಂತ, ಮೂರು ಸೆಮಿಸ್ಟರ್ ಬರೀ ಹೈಸ್ಕೂಲ್ ಗಣಿತ ಮಾಡಿಸಿದ್ದರಂತೆ. ಅದಕ್ಕೆ ಡಿಗ್ರಿಯ ಲೆಕ್ಕದಲ್ಲಿ ಒಂದು ಯೂನಿಟ್ಟೂ ಸಿಗುವುದಿಲ್ಲ.

“ಒಂದೂವರೆ ವರ್ಷ ಮೆಟ್ಟಿಲು ಹತ್ತಿ ಈಗ ನೆಲಕ್ಕೆ ಬಂದಿದೀನಿ” ಅಂತ ನಕ್ಕಿದ್ದಳು. ಕ್ಲಾಸಿನಲ್ಲಿ ನನಗಿಂತ ಚುರುಕು. ಸ್ಟ್ಯಾಂಡರ್ಡ್ ಡೀವಿಯೇಷನ್ ನನಗೆ ಅರ್ಥ ಮಾಡಿಸಿದ್ದೇ ಅವಳು, ಪೇಷೆಂಟ್‌ಗಳ ಬಿಪಿ ರೀಡಿಂಗ್ ಉದಾಹರಣೆ ಕೊಟ್ಟು.

ಒಂಬತ್ತನೇ ವಾರ ಅವಳು ಬರಲಿಲ್ಲ. ಹತ್ತನೇ ವಾರವೂ ಇಲ್ಲ. ಅವಳ ಕಾರು ಕೈಕೊಟ್ಟಿತ್ತು, ಎರಡು ಬಸ್ಸು ಬದಲಾಯಿಸಿ ಬರ್ತಾ ಇದೀನಿ ಅಂತ ಅದಕ್ಕೂ ಮೊದಲು ಹೇಳಿದ್ದಳು. ಹನ್ನೆರಡನೇ ವಾರ ಆ ಸೀಟಿನಲ್ಲಿ ಬೇರೆಯವರು ಬ್ಯಾಗ್ ಇಟ್ಟುಕೊಳ್ಳೋಕೆ ಶುರು ಮಾಡಿದರು. ಕಾಲೇಜಿನಿಂದ ಅವಳಿಗೆ ಯಾರಾದರೂ ಫೋನ್ ಮಾಡಿದರಾ? ಮೇಡಮ್ಮನ್ನು ಕೇಳಿದೆ. ಅವರು ಅವತ್ತೇ ಇನ್ನೊಂದು ಊರಿನ ಇನ್ನೊಂದು ಕಾಲೇಜಿನಿಂದ ಪಾಠ ಮುಗಿಸಿ ಓಡಿಬಂದಿದ್ದರು. ಇಂಥ ಪಾರ್ಟ್‌ಟೈಮ್ ಮೇಷ್ಟ್ರುಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ‘ಫ್ರೀವೇ ಫ್ಲೈಯರ್’ ಅಂತಾನೇ ಹೆಸರಿದೆ. ಅವರಿಗೆ ಅಲ್ಲಿ ಒಂದು ರೂಮೂ ಇರಲಿಲ್ಲ. ತಲೆ ಅಲ್ಲಾಡಿಸಿದರು.

ಅವಳ ನಂಬರ್ ನನ್ನ ಮೊಬೈಲಿನಲ್ಲಿತ್ತು. ನಾನೂ ಮಾಡಲಿಲ್ಲ. ನನ್ನ ಹತ್ತಿರ ಕಾರಿತ್ತು, ಅವಳ ಮನೆ ನನ್ನ ದಾರಿಯಲ್ಲೇ ಇತ್ತು.

*

ಆಮೇಲೆ ಈ ಬಗ್ಗೆ ಓದುತ್ತಾ ಹೋದೆ. ಬರ್ಟನ್ ಕ್ಲಾರ್ಕ್ ಅನ್ನುವ ಸಮಾಜಶಾಸ್ತ್ರಜ್ಞ 1960ರಲ್ಲಿ ‘ದಿ ಓಪನ್ ಡೋರ್ ಕಾಲೇಜ್’ ಅಂತ ಒಂದು ಪುಸ್ತಕ ಬರೆದಿದ್ದಾರೆ. ಅವರು ಅಧ್ಯಯನ ಮಾಡಿದ್ದು ನಮ್ಮ ಮನೆಯಿಂದ ಅಷ್ಟೇನೂ ದೂರವಿಲ್ಲದ ಸ್ಯಾನ್ ಹೊಸೆಯ ಜೂನಿಯರ್ ಕಾಲೇಜನ್ನು. ಅವರು ಕಂಡದ್ದು ಇದು: ಬಾಗಿಲು ಎಲ್ಲರಿಗೂ ತೆರೆದಿದೆ. ಆದರೆ ದೊಡ್ಡ ಓದಿನ ಆಸೆ ಹೊತ್ತು ಬಂದವರನ್ನು, ಟೆಸ್ಟುಗಳು, ಹಿಂದಿನ ತರಗತಿಯ ಪಾಠಗಳು, ಕೌನ್ಸೆಲರ್ ಜೊತೆಗಿನ ಮಾತುಕತೆಗಳ ಮೂಲಕ, ಮೆಲ್ಲಮೆಲ್ಲಗೆ ಸಣ್ಣ ಆಸೆಯ ಕಡೆಗೆ ತಿರುಗಿಸಲಾಗುತ್ತದೆ. ಯಾರೂ “ನಿನ್ನ ಕೈಲಿ ಆಗಲ್ಲ ಹೋಗು” ಅನ್ನುವುದಿಲ್ಲ. ಹುಡುಗನಿಗೇ ಕೊನೆಗೆ ಅದು ತನ್ನದೇ ತೀರ್ಮಾನ ಅನ್ನಿಸಿಬಿಡುತ್ತದೆ. ಇದಕ್ಕೆ ಕ್ಲಾರ್ಕ್ ಬಳಸಿದ ಮಾತು ‘ಕೂಲಿಂಗ್ ಔಟ್’. ಕಾದ ಹಾಲಿಗೆ ಒಂದೊಂದೇ ಚಮಚ ತಣ್ಣೀರು ಹಾಕಿದ ಹಾಗೆ.

ಲೆಕ್ಕಗಳೂ ಅದನ್ನೇ ಹೇಳುತ್ತವೆ. ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಸೇರುವ ಹತ್ತು ಜನರಲ್ಲಿ ಸುಮಾರು ಎಂಟು ಜನ ತಮಗೆ ನಾಲ್ಕು ವರ್ಷದ ಡಿಗ್ರಿ ಬೇಕು ಅನ್ನುತ್ತಾರೆ. ಆರು ವರ್ಷ ಕಳೆದ ಮೇಲೆ ಅದನ್ನು ಪಡೆದವರು ಹತ್ತರಲ್ಲಿ ಇಬ್ಬರೂ ಇಲ್ಲ. ಇದರ ಜೊತೆಗೇ ಇನ್ನೊಂದು ಲೆಕ್ಕ ಇಡಿ: ಕ್ಯಾಲ್ ಸ್ಟೇಟ್ ವಿಶ್ವವಿದ್ಯಾಲಯಗಳಿಂದ ಡಿಗ್ರಿ ಪಡೆಯುವವರಲ್ಲಿ ಸುಮಾರು ಅರ್ಧದಷ್ಟು ಜನ ಕಮ್ಯುನಿಟಿ ಕಾಲೇಜಿನಿಂದ ಬಂದವರು. ಅಂದರೆ ಈ ದಾರಿ ಸುಳ್ಳಲ್ಲ. ದಾರಿ ಇದೆ, ನಡೆದವರು ತಲುಪುತ್ತಾರೆ. ನಡೆಯುವಾಗ ಬಿದ್ದವರನ್ನು ಎಣಿಸುವವರು ಕಡಿಮೆ, ಅಷ್ಟೇ.

ಹಾಗಾದರೆ ಏನು ಮಾಡಿದರೆ ಬೀಳುವುದಿಲ್ಲ? ಇಲ್ಲಿ ಹೇಳಲೇಬೇಕಾದ ಎರಡು ನಿಜವಾದ ಕಥೆ ಇವೆ. ಯಾರೂ ಸೀರಿಯಲ್ ಮಾಡಲಾರದಷ್ಟು ಸಪ್ಪೆ ಕಥೆಗಳು.

ಮೊದಲನೆಯದು ನ್ಯೂಯಾರ್ಕಿನದ್ದು. ಅಲ್ಲಿನ ಸಿಟಿ ಯೂನಿವರ್ಸಿಟಿಯ ಕಮ್ಯುನಿಟಿ ಕಾಲೇಜುಗಳಲ್ಲಿ 2007ರಲ್ಲಿ ‘ಎಎಸ್‌ಎಪಿ’ ಅಂತ ಒಂದು ಕಾರ್ಯಕ್ರಮ ಶುರುವಾಯಿತು. ಫುಲ್‌ಟೈಮ್ ಓದಬೇಕು ಅನ್ನುವುದು ಷರತ್ತು. ಬದಲಿಗೆ, ಸ್ಕಾಲರ್‌ಶಿಪ್ ಕಳೆದು ಉಳಿಯುವ ಫೀಸು ಮಾಫಿ. ಪಠ್ಯಪುಸ್ತಕಕ್ಕೆ ನೆರವು. ಕ್ಲಾಸುಗಳು ಒಂದೇ ಹೊತ್ತಿನಲ್ಲಿ ಸಿಗುವ ಹಾಗೆ ಟೈಮ್‌ಟೇಬಲ್. ಮತ್ತು, ಆಗ ತಿಂಗಳಿಗೊಂದು ಮೆಟ್ರೋಕಾರ್ಡ್ ಕೊಡುತ್ತಿದ್ದರು, ಬಸ್ಸು ರೈಲು ಎರಡಕ್ಕೂ ಆಗುವಂಥದ್ದು. ಆದರೆ ಅಡ್ವೈಸರ್ ಜೊತೆ ಕೂತು ಮಾತಾಡಿದರೆ ಮಾತ್ರ ಕಾರ್ಡು ಕೈಗೆ. ಆಗ ಮಾಮೂಲಿ ವಿದ್ಯಾರ್ಥಿಗಳಿಗೆ ಒಬ್ಬ ಅಡ್ವೈಸರ್ ತಲೆ ಮೇಲೆ 600ರಿಂದ 1,500 ಜನ ಇದ್ದರೆ, ಇಲ್ಲಿ 60ರಿಂದ 80 ಇದ್ದರು. ಅಂದರೆ ನೀವು ಎರಡು ವಾರ ಬರಲಿಲ್ಲ ಅಂದರೆ ಗಮನಿಸುವ ಒಬ್ಬ ಮನುಷ್ಯ ಇರುತ್ತಾನೆ.

ಎಂಡಿಆರ್‌ಸಿ ಅನ್ನುವ ಸಂಶೋಧನಾ ಸಂಸ್ಥೆ ಇದನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪರೀಕ್ಷಿಸಿತು. ಸೇರುವಾಗ ಇಬ್ಬರದೂ ಒಂದೇ ಮಟ್ಟ, ಎಲ್ಲರೂ ಬಡತನದ ಮನೆಯವರು, ಎಲ್ಲರೂ ಗಣಿತದಲ್ಲೋ ಇಂಗ್ಲಿಷಿನಲ್ಲೋ ಹಿಂದಿದ್ದವರು. ಮೂರು ವರ್ಷದಲ್ಲಿ ಮಾಮೂಲಿ ಗುಂಪಿನಲ್ಲಿ ಪಾಸಾಗಿ ಹೊರಬಿದ್ದವರು ಶೇ. 22, ಈ ಗುಂಪಿನಲ್ಲಿ ಶೇ. 40. ತಲೆಗೆ ಖರ್ಚು ಜಾಸ್ತಿ, ನಿಜ. ಆದರೆ ಮುಗಿಸಿದವರೇ ಹೆಚ್ಚಾದ್ದರಿಂದ ಒಂದೊಂದು ಡಿಗ್ರಿಗೆ ಬಿದ್ದ ಖರ್ಚು ಕಮ್ಮಿಯೇ ಆಯಿತು. ಒಹಾಯೋದ ಮೂರು ಕಾಲೇಜುಗಳು ಅದನ್ನೇ ನಕಲು ಮಾಡಿದಾಗಲೂ ಹೆಚ್ಚುಕಡಿಮೆ ಅಷ್ಟೇ ಫಲ ಸಿಕ್ಕಿತು.

ಎರಡನೆಯದು ಕ್ಯಾಲಿಫೋರ್ನಿಯಾದ್ದೇ. 2017ರಲ್ಲಿ ಎಬಿ 705 ಅಂತ ಒಂದು ಕಾನೂನು ಬಂತು. ಪ್ರವೇಶದ ಹೊತ್ತಿನ ಟೆಸ್ಟ್ ಒಂದನ್ನೇ ನಂಬಿ ಯಾರನ್ನೂ ಹಿಂದಿನ ತರಗತಿಗೆ ತಳ್ಳಬೇಡಿ, ಹೈಸ್ಕೂಲಿನ ಅಂಕಗಳನ್ನು ನೋಡಿ, ಒಂದು ವರ್ಷದೊಳಗೆ ಕಾಲೇಜು ಮಟ್ಟದ ಗಣಿತ, ಇಂಗ್ಲಿಷ್ ಮುಗಿಸುವ ಸಾಧ್ಯತೆ ಎಲ್ಲಿ ಜಾಸ್ತಿಯೋ ಅಲ್ಲಿ ಕೂರಿಸಿ ಅಂತ. ನೇರ ಕಾಲೇಜು ಗಣಿತಕ್ಕೆ ಕೂತವರು ಬಹಳ ಜನ ಆದರು, ಮೊದಲ ವರ್ಷದಲ್ಲೇ ಅದನ್ನು ಮುಗಿಸಿದವರೂ ಹೆಚ್ಚಾದರು. ಅದರ ಜೊತೆಗೇ ಅಲ್ಲಿ ಫೇಲಾಗುವವರ ಸಂಖ್ಯೆಯೂ ಕಾಣಿಸತೊಡಗಿತು. ಇದರ ಬಗ್ಗೆ ಅಲ್ಲಿನ ಗಣಿತದ ಮೇಷ್ಟ್ರುಗಳಲ್ಲಿ ಜಗಳ ಇನ್ನೂ ನಿಂತಿಲ್ಲ. ಮೆಟ್ಟಿಲು ತೆಗೆದರೆ ಸಾಲದು, ಪಕ್ಕದಲ್ಲೇ ಕೈ ಹಿಡಿಯುವ ಕ್ಲಾಸೂ ಬೇಕು ಅನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಮೂರು ಸೆಮಿಸ್ಟರ್ ಕಳೆದುಕೊಂಡವಳ ಪಕ್ಕ ಕೂತಿದ್ದ ನನಗೆ, ಹಳೆಯ ಏರ್ಪಾಡಿನಲ್ಲಿ ಬಿಟ್ಟುಹೋದವರು ಫೇಲಾದವರ ಪಟ್ಟಿಯಲ್ಲೂ ಬರುತ್ತಿರಲಿಲ್ಲ ಅನ್ನುವುದೇ ದೊಡ್ಡದಾಗಿ ಕಾಣುತ್ತದೆ. ಅವರು ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನ ತನಕ ಬಂದೇ ಇರುತ್ತಿರಲಿಲ್ಲ.

ಕೆಲಸದ ಓದಿನ ವಿಷಯದಲ್ಲೂ ಇದೇ ಎರಡು ಮುಖ. ಕಮ್ಯುನಿಟಿ ಕಾಲೇಜಿನಲ್ಲಿ ನರ್ಸಿಂಗ್‌ನ ಅಸೋಸಿಯೇಟ್ ಡಿಗ್ರಿ ಮಾಡಿದವರು ಬರೆಯುವ ಲೈಸೆನ್ಸ್ ಪರೀಕ್ಷೆಯೂ ನಾಲ್ಕು ವರ್ಷದ ಡಿಗ್ರಿಯವರು ಬರೆಯುವ ಪರೀಕ್ಷೆಯೂ ಒಂದೇ, ಪಾಸಾದರೆ ಇಬ್ಬರೂ ರಿಜಿಸ್ಟರ್ಡ್ ನರ್ಸ್. ಇಂಥ ಕೋರ್ಸುಗಳಲ್ಲಿ ಏನು ಕಲಿಸಬೇಕು ಅಂತ ಹೇಳೋಕೆ ಊರಿನ ಆಸ್ಪತ್ರೆ, ವರ್ಕ್‌ಶಾಪು, ಕಂಪನಿಗಳವರು ಕೂರುವ ಸಲಹಾ ಸಮಿತಿಗಳಿರುತ್ತವೆ. ಎರಡು ವರ್ಷದಲ್ಲಿ ಮರ್ಯಾದೆಯ ಕೆಲಸ ಸಿಗುತ್ತದೆ. ಆದರೆ ಕ್ಲಾರ್ಕ್ ಎತ್ತಿದ ಪ್ರಶ್ನೆ ಇಲ್ಲೂ ಬೆನ್ನು ಬಿಡುವುದಿಲ್ಲ: ಇದು ಆಕೆ ಆರಿಸಿಕೊಂಡ ಕೆಲಸವೋ, ಆಕೆಯನ್ನು ತಣ್ಣಗೆ ಮಾಡಿ ಕೂರಿಸಿದ ಕೆಲಸವೋ? ಒಳ್ಳೇ ಕಾಲೇಜು ಯಾವುದು ಅಂದರೆ, ಕೆಲಸಕ್ಕೆ ಹೋದವಳು ನಾಲ್ಕು ವರ್ಷ ಬಿಟ್ಟು ಮತ್ತೆ ಡಿಗ್ರಿ ಮುಗಿಸೋಕೆ ಬಂದಾಗ ಹಳೆಯ ಯೂನಿಟ್ಟುಗಳನ್ನು ಎಣಿಸಿಕೊಳ್ಳುವಂತೆ ಏಣಿ ಇಟ್ಟಿರುವುದು. ಕ್ಯಾಲಿಫೋರ್ನಿಯಾ 2010ರಲ್ಲಿ ಟ್ರಾನ್ಸ್‌ಫರ್‌ಗೆಂದೇ ಬೇರೆ ಅಸೋಸಿಯೇಟ್ ಡಿಗ್ರಿ ಮಾಡಿ, ಅದನ್ನು ಮುಗಿಸಿದವರಿಗೆ ಕ್ಯಾಲ್ ಸ್ಟೇಟ್‌ನಲ್ಲಿ ಒಂದು ಸೀಟಿನ ಭರವಸೆ ಕೊಟ್ಟದ್ದು ಇಂಥ ಒಂದು ಏಣಿ.

*

ಇಷ್ಟು ತಿಳಿದ ಮೇಲೆ ‘ಕಮ್ಯುನಿಟಿ’ಯನ್ನು ಮತ್ತೊಮ್ಮೆ ನೋಡಿದೆ. ಬೆಂಗಳೂರಿಗೆ ವಾಪಸ್ ಬಂದಮೇಲೆ, ಜೆ.ಪಿ. ನಗರದ ಮನೆಯಲ್ಲಿ, ಒಬ್ಬಳೇ ಕೂತು.

ನ್ಯಾಯವಾಗಿ ಹೇಳಬೇಕು ಅಂದರೆ, ಪೇಂಟ್‌ಬಾಲ್ ಎಪಿಸೋಡ್ ನಾನು ಅಂದುಕೊಂಡಿದ್ದಕ್ಕಿಂತ ಬುದ್ಧಿವಂತ. ಆ ಗುಂಪಿನಲ್ಲಿ ಶರ್ಲಿ ಅಂತ ಒಬ್ಬಳು, ಒಂಟಿ ತಾಯಿ. ಮೊದಲು ಕ್ಲಾಸು ಆರಿಸಿಕೊಳ್ಳೋಕೆ ಸಿಕ್ಕಿದ್ದರೆ ಮಕ್ಕಳ ಜೊತೆ ಇರೋಕೆ ಹೊತ್ತು ಉಳಿಯುತ್ತಿತ್ತು ಅನ್ನುವುದು ಅವಳ ಆಸೆ. ಗೆದ್ದ ಜೆಫ್ ಕೊನೆಗೆ ಆ ಬಹುಮಾನವನ್ನು ಅವಳ ಕೈಗೆ ಕೊಡುತ್ತಾನೆ. ಮೊದಲ ಸಲ ನೋಡುವಾಗ ಆ ದೃಶ್ಯ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ, ಅಷ್ಟು ನಗುತ್ತಿದ್ದೆ. ಟೈಮ್‌ಟೇಬಲ್ ಅಂದರೆ ಮಕ್ಕಳ ಜೊತೆಗಿನ ಹೊತ್ತು, ಟೈಮ್‌ಟೇಬಲ್ ಅಂದರೆ ದುಡ್ಡು ಅಂತ ಬರೆದವರಿಗೆ ಗೊತ್ತಿತ್ತು. 2008ರ ಆರ್ಥಿಕ ಕುಸಿತದ ನಂತರ ಕ್ಯಾಲಿಫೋರ್ನಿಯಾದ ಕಾಲೇಜುಗಳು ದುಡ್ಡಿಲ್ಲದೆ ಕ್ಲಾಸುಗಳನ್ನು ಕತ್ತರಿಸಿ, ಲಕ್ಷಾಂತರ ಜನರಿಗೆ ಜಾಗವೇ ಇಲ್ಲದಂತಾದ ಕಾಲ ಅದು. ರಾಜ್ಯ 2012ರಲ್ಲಿ, ಯಾರಿಗೆ ಮೊದಲು ರಿಜಿಸ್ಟ್ರೇಷನ್ ಅನ್ನುವುದಕ್ಕೆ ಹೊಸ ನಿಯಮವನ್ನೇ ಮಾಡಬೇಕಾಯಿತು. ಎಪಿಸೋಡ್ ಬಂದದ್ದು ಅದಕ್ಕೂ ಎರಡು ವರ್ಷ ಮುಂಚೆ.

ಸೀರಿಯಲ್ಲಿಗೆ ಇನ್ನೊಂದು ವಿಷಯವೂ ಗೊತ್ತಿತ್ತು, ಸ್ಟಡಿ ಗ್ರೂಪು. ಸೀಟು ಖಾಲಿಯಾದರೆ ಗಮನಿಸುವ ಆರು ಜನ ಇದ್ದರೆ ಏಳನೆಯವನು ಕಾಲೇಜು ಬಿಡುವುದಿಲ್ಲ. ನ್ಯೂಯಾರ್ಕಿನ ಆ ಅಡ್ವೈಸರ್ ಮಾಡುವ ಕೆಲಸವನ್ನೇ ಇಲ್ಲಿ ಗೆಳೆಯರು ಮಾಡುತ್ತಾರೆ. ನನ್ನ ತಕರಾರು ಇಲ್ಲಿಯೇ. ಗೆಳೆತನ ಅದೃಷ್ಟ ಇದ್ದವರಿಗೆ ಸಿಗುತ್ತದೆ. ಎರಡು ಬಸ್ಸು ಬದಲಾಯಿಸಿ, ಪಾಠ ಮುಗಿದ ಕೂಡಲೇ ಮಕ್ಕಳನ್ನು ಕರೆತರೋಕೆ ಓಡುವವಳಿಗೆ ಲೈಬ್ರರಿಯಲ್ಲಿ ಕೂತು ಹರಟುವ ಗುಂಪು ಕಟ್ಟಿಕೊಳ್ಳೋಕೆ ಪುರುಸೊತ್ತಿಲ್ಲ. ಅಂಥವಳಿಗೆ ಬೇಕಾದ್ದು, ಗೆಳೆಯರಿಲ್ಲದಿದ್ದರೂ ಫೋನ್ ಮಾಡುವ ಕಾಲೇಜು. ಆರು ಸೀಸನ್‌ಗಳಲ್ಲಿ ಗ್ರೀನ್‌ಡೇಲನ್ನು ಪ್ರೀತಿಸಲು ಹತ್ತಾರು ಕಾರಣ ಸಿಗುತ್ತವೆ, ನಂಬಲು ಒಂದೂ ಇಲ್ಲ.

ಐದನೇ ಸೀಸನ್ನಿನ ಮೊದಲ ಎಪಿಸೋಡಿನಲ್ಲಿ ಒಂದು ಕ್ಷಣ ಸೀರಿಯಲ್ ಅಸಲಿ ಪ್ರಶ್ನೆಗೆ ಮುಖ ಕೊಡುತ್ತದೆ. ಕಾಲೇಜು ಮುಗಿಸಿ ಹೋದವರು ಮತ್ತೆ ಸೇರುತ್ತಾರೆ, ಯಾರ ಬದುಕೂ ಹಸನಾಗಿಲ್ಲ. ನಾವು ಇಲ್ಲಿ ಓದಿದ್ದು ಯಾತಕ್ಕೆ ಬಂತು? ಎಷ್ಟು ದೊಡ್ಡ ಪ್ರಶ್ನೆ! ಉತ್ತರವಾಗಿ ಅವರೆಲ್ಲ ಮತ್ತೆ ಅದೇ ಕಾಲೇಜು ಸೇರುತ್ತಾರೆ, ಜೆಫ್ ಅಲ್ಲೇ ಮೇಷ್ಟ್ರಾಗುತ್ತಾನೆ. ಸೀರಿಯಲ್ ಮುಂದುವರಿಯಬೇಕಲ್ಲ. ಆದರೆ ಅಲ್ಲಿಗೆ, ಹೊರಗೆ ಹೋಗುವ ದಾರಿ ಅಂತ ಒಂದಿದೆ, ಅದನ್ನು ಕಟ್ಟೋದು ಕಾಲೇಜಿನ ಕೆಲಸ ಅನ್ನುವ ಮಾತೇ ಮರೆತುಹೋಗುತ್ತದೆ. ಒಳಗೆ ಬೆಚ್ಚಗಿದೆ, ಇಲ್ಲೇ ಇರೋಣ ಅಂತ.

*

ನಾನು ಅಲ್ಲಿ ನಾಲ್ಕು ಸೆಮಿಸ್ಟರಿನಲ್ಲಿ ಸ್ಟ್ಯಾಟಿಸ್ಟಿಕ್ಸ್, ಡೇಟಾಬೇಸ್, ಅಕೌಂಟಿಂಗ್ ಅಂತ ಒಟ್ಟು ಹತ್ತು ಕ್ಲಾಸು ಮುಗಿಸಿದೆ. ಈಗ ಮಾಡ್ತಿರೋ ಡೇಟಾ ಅನಾಲಿಸ್ಟ್ ಕೆಲಸ ಸಿಕ್ಕಿದ್ದೇ ಅದರಿಂದ. ಆದರೆ ಲಿಂಕ್ಡ್‌ಇನ್‌ನಲ್ಲಿ ಬಹಳ ದಿನ ತಿಪಟೂರಿನ ಡಿಗ್ರಿ, ಆಮೇಲೆ ಒಂದೆರಡು ಆನ್‌ಲೈನ್ ಸರ್ಟಿಫಿಕೇಟು ಮಾತ್ರ ಇದ್ದವು. ನಡುವಿನದು ಇರಲಿಲ್ಲ. ಕೂಟದ ಆ ಆಂಟಿ ಇನ್ನೂ ನನ್ನ ಹಿಂದೆ ಕ್ಯೂನಲ್ಲಿ ನಿಂತ ಹಾಗಿತ್ತು.

ಹೋದ ವರ್ಷ ನನ್ನ ಟೀಮಿಗೆ ಇಬ್ಬರು ಬೇಕಿತ್ತು. ಎಚ್‌ಆರ್‌ಗೆ ನಾನೇ ಮೇಲ್ ಬರೆದೆ. ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ ಆಗಿರುವ ಆ ಸಾಲುಗಳು: ಥ್ರೂಔಟ್ ಶೇ. 60, ಬ್ಯಾಕ್‌ಲಾಗ್ ಇರಬಾರದು, ಗ್ಯಾಪ್ ಇರಬಾರದು. ಹಳೇ ಮೇಲ್‌ನಿಂದ ಕಾಪಿ ಪೇಸ್ಟ್ ಮಾಡಿ ಕಳಿಸಿ, ಊಟಕ್ಕೆ ಹೋದೆ. ಅನ್ನ ಕಲಸುವಾಗ ಹೊಳೆಯಿತು, ಈ ಸೋಸುವ ಜರಡಿಯಲ್ಲಿ ನಾನೇ ನಿಲ್ಲುವುದಿಲ್ಲ. ನನಗೂ ಗ್ಯಾಪ್ ಇದೆ. ಸ್ಟ್ಯಾಂಡರ್ಡ್ ಡೀವಿಯೇಷನ್ ಕಲಿಸಿಕೊಟ್ಟವಳಂತೂ ಮೊದಲ ಸಾಲಿನಲ್ಲೇ ಉದುರಿಹೋಗುತ್ತಾಳೆ.

ನಮ್ಮಲ್ಲೂ ಎರಡನೇ ಬಾಗಿಲುಗಳಿಲ್ಲ ಅಂತಲ್ಲ. ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ, ಆಮೇಲೆ ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ. ಈವ್ನಿಂಗ್ ಕಾಲೇಜು. ಬಾಗಿಲು ತೆರೆದವರು ಸರ್ಕಾರದವರು, ಕಾಲೇಜಿನವರು. ಅದರಿಂದ ಹೊರಗೆ ಬಂದವರ ಮುಖದ ಮೇಲೆ ಇನ್ನೊಂದು ಬಾಗಿಲು ಹಾಕುವವರು ನಾವು, ಏರ್‌ಕಂಡಿಷನ್ಡ್ ಆಫೀಸಿನಲ್ಲಿ ಕೂತು, ಒಂದು ಎಕ್ಸೆಲ್ ಫಿಲ್ಟರ್‌ನಲ್ಲಿ.

ವಾಪಸ್ ಬಂದು ಎಚ್‌ಆರ್ ಹುಡುಗಿಗೆ ಫೋನ್ ಮಾಡಿದೆ. “ಆ ಕ್ರೈಟೀರಿಯಾ ತೆಗೆದುಬಿಡಮ್ಮ. ಎಲ್ಲಾ ರೆಸ್ಯೂಮೆ ಕಳಿಸು, ನಾನೇ ನೋಡ್ತೀನಿ.”

“ಮೇಡಂ, ಮುನ್ನೂರು ಇವೆ” ಅಂದಳು.

“ಇರ್ಲಿ” ಅಂದೆ.

ಮೂರು ಸಂಜೆ ಬೇಕಾಯಿತು. ಇಬ್ಬರನ್ನು ತಗೊಂಡ್ವಿ. ಒಬ್ಬಳು ಫಿಲ್ಟರ್ ಹಾಕಿದ್ದರೂ ಸಿಗುತ್ತಿದ್ದವಳು. ಇನ್ನೊಬ್ಬ, ಡಿಪ್ಲೊಮಾ ಆದಮೇಲೆ ಎರಡು ವರ್ಷ ಪೀಣ್ಯದಲ್ಲಿ ಶಿಫ್ಟ್ ಕೆಲಸ ಮಾಡಿ ಲ್ಯಾಟರಲ್ ಎಂಟ್ರಿ ತಗೊಂಡವನು, ಒಂದು ಬ್ಯಾಕ್‌ಲಾಗ್ ಇದ್ದವನು. ಅವನು ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡ್ತಾನೆ ಅಂತ ಹೇಳಿದರೆ ಕಥೆ ಚೆಂದ ಆಗುತ್ತೆ, ಆದರೆ ಅವನೂ ಎಲ್ಲರ ಹಾಗೇ. ಚೆನ್ನಾಗಿ ಮಾಡ್ತಾನೆ, ಸೋಮವಾರ ಲೇಟಾಗಿ ಬರ್ತಾನೆ. ಮೊದಲ ತಿಂಗಳು ಎರಡು ದಿನ ಹೇಳದೆ ಕೇಳದೆ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ನಾನೇ ಫೋನ್ ಮಾಡಿದೆ. ಅಮ್ಮನಿಗೆ ಹುಷಾರಿರಲಿಲ್ಲವಂತೆ, ಹೊಸ ಕೆಲಸ, ರಜೆ ಹೇಗೆ ಕೇಳೋದು ಅಂತ ಗೊತ್ತಾಗಲಿಲ್ಲವಂತೆ.

ಅವತ್ತು ಸಂಜೆ ಲಿಂಕ್ಡ್‌ಇನ್ ತೆರೆದು ನಡುವಿನ ಆ ಸಾಲನ್ನು ಸೇರಿಸಿದೆ. ಕಾಲೇಜಿನ ಪೂರ್ತಿ ಹೆಸರು ಹಾಕಿ.